ಮೊಬೈಲಿನಲ್ಲಿ ಅಳೆದ ಬೌಲಿಂಗ್ ವೇಗ ನಂಬಬಹುದೇ?

ಪ್ರಶ್ನೆ: ಕಾರವಾರದ ಕಡಲತೀರದ ಗಟ್ಟಿ ಮರಳಿನ ಮೇಲೆ ನನ್ನ ತಮ್ಮ ಲೆದರ್ ಚೆಂಡಿನಲ್ಲಿ ಬೌಲ್ ಮಾಡಿದ್ದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದೆವು. ಚೆಂಡು ಕೈಬಿಟ್ಟು ಬ್ಯಾಟ್ಸ್‌ಮನ್‌ನ ಕ್ರೀಸ್ ತಲುಪಲು ಅರ್ಧ ಸೆಕೆಂಡ್ ಹಿಡಿಯಿತು. 22 ಗಜಕ್ಕೆ ಲೆಕ್ಕ ಹಾಕಿದರೆ ಗಂಟೆಗೆ 145 ಕಿ.ಮೀ. ಬರುತ್ತದೆ. ಇದು ಸರಿಯೇ?
— ಓದುಗರು, ಅಂಕೋಲಾ

ಉತ್ತರ: ನಿಮ್ಮ ವಿಧಾನ ಸರಿಯಾಗಿಯೇ ಇದೆ, ತಪ್ಪಿರುವುದು ದೂರದ ಲೆಕ್ಕ. 22 ಗಜ, ಅಂದರೆ 20.12 ಮೀಟರ್, ಎರಡು ಬದಿಯ ವಿಕೆಟ್‌ಗಳ ನಡುವಿನ ಅಂತರ. ಬೌಲರ್ ಚೆಂಡನ್ನು ಬಿಡುವುದು ವಿಕೆಟ್‌ನ ಬಳಿಯಲ್ಲಲ್ಲ, ಅದಕ್ಕಿಂತ 1.22 ಮೀಟರ್ ಮುಂದಿರುವ ಪಾಪಿಂಗ್ ಕ್ರೀಸ್ ಎಂಬ ಗೆರೆಯ ಆಸುಪಾಸಿನಲ್ಲಿ; ಬ್ಯಾಟ್ಸ್‌ಮನ್‌ನ ಕ್ರೀಸ್ ಕೂಡ ಅಷ್ಟೇ ಮುಂದಿರುವುದರಿಂದ ಚೆಂಡು ಕ್ರಮಿಸಿದ ದೂರ ಸುಮಾರು 17.68 ಮೀಟರ್ ಮಾತ್ರ. ಅದನ್ನು ಅರ್ಧ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ 127 ಕಿ.ಮೀ. ಬರುತ್ತದೆ. ಇದೂ ಸಣ್ಣ ವೇಗವೇನಲ್ಲ.

ಇನ್ನೊಂದು ತೊಡಕು ಸಮಯದ್ದು. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರಗಳಿರುತ್ತವೆ. ಒಂದೊಂದೇ ಚಿತ್ರವನ್ನು ನಿಲ್ಲಿಸಿ ನೋಡಿದರೆ ಚೆಂಡು ಉದ್ದನೆಯ ಕೆಂಪು ಗೆರೆಯಂತೆ ಕಾಣುತ್ತದೆ, ಮುಂದಿನ ಚಿತ್ರಕ್ಕೆ ಬರುವಷ್ಟರಲ್ಲಿ ಒಂದು ಮೀಟರಿಗೂ ಹೆಚ್ಚು ದೂರ ಸರಿದಿರುತ್ತದೆ. ಅರ್ಧ ಸೆಕೆಂಡ್ ಎಂದರೆ ಇಂಥ 15 ಚಿತ್ರಗಳು. ಎಣಿಕೆಯಲ್ಲಿ ಒಂದು ಚಿತ್ರ ಆಚೀಚೆಯಾದರೂ ಉತ್ತರ 119ರಿಂದ 136ರವರೆಗೆ ಓಲಾಡುತ್ತದೆ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಇದ್ದರೆ ಅದೇ ತಪ್ಪಿನಿಂದಾಗುವ ವ್ಯತ್ಯಾಸ ಒಂದು ಕಿಲೋಮೀಟರಿನಷ್ಟಕ್ಕೆ ಇಳಿಯುತ್ತದೆ.

ಟಿ.ವಿ.ಯಲ್ಲಿ ತೋರಿಸುವ ಅಂಕಿಯೊಂದಿಗೆ ನಿಮ್ಮದನ್ನು ನೇರವಾಗಿ ಹೋಲಿಸಲಾಗದು. ಹೆದ್ದಾರಿಯಲ್ಲಿ ಪೊಲೀಸರು ಹಿಡಿಯುವ ಸ್ಪೀಡ್ ಗನ್‌ನಂತೆಯೇ ಮೈದಾನದ ರಡಾರ್ ಕೂಡ ರೇಡಿಯೊ ಅಲೆಗಳನ್ನು ಕಳುಹಿಸಿ, ಚೆಂಡಿಗೆ ಬಡಿದು ಮರಳುವ ಅಲೆಯ ಆವರ್ತನದಲ್ಲಾದ ಬದಲಾವಣೆಯಿಂದ ವೇಗವನ್ನು ತಿಳಿಯುತ್ತದೆ. ಅದು ಹೇಳುವುದು ಚೆಂಡು ಕೈಯಿಂದ ಹೊರಟ ಕ್ಷಣದ ವೇಗವನ್ನು. 2003ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವೇಗದ ಬೌಲರ್ ಶೋಯೆಬ್ ಅಖ್ತರ್ ಅವರ ಹೆಸರಿಗೆ ದಾಖಲಾದ 161.3 ಕಿ.ಮೀ. ಕೂಡ ಅಂಥದ್ದೇ. ಗಾಳಿಯ ತಡೆಯಿಂದ, ಅದಕ್ಕಿಂತ ಹೆಚ್ಚಾಗಿ ನೆಲಕ್ಕೆ ಬಿದ್ದು ಪುಟಿದಾಗ ಚೆಂಡಿನ ವೇಗ ಕುಗ್ಗುತ್ತದೆ. ನಿಮ್ಮ 127 ಇಡೀ ದಾರಿಯ ಸರಾಸರಿಯಾದ್ದರಿಂದ, ಅಳತೆ ಸರಿಯಿದ್ದಲ್ಲಿ ನಿಮ್ಮ ತಮ್ಮ ಕೈಬಿಟ್ಟ ವೇಗ ಅದಕ್ಕಿಂತ ಹೆಚ್ಚೇ ಇದ್ದಿರಬೇಕು. (ನಮ್ಮ ಕರಾವಳಿಯ ಪಂದ್ಯಗಳ ಟೆನಿಸ್ ಚೆಂಡಿಗೆ ಈ ಲೆಕ್ಕ ಹೊಂದದು, ಗಾತ್ರ ಹೆಚ್ಚುಕಡಿಮೆ ಒಂದೇ ಆದರೂ ತೂಕ ಲೆದರ್ ಚೆಂಡಿನ ಮೂರನೇ ಒಂದು ಭಾಗದಷ್ಟಿರುವುದರಿಂದ ಗಾಳಿ ಅದನ್ನು ಬಹಳ ಬೇಗ ನಿಧಾನಗೊಳಿಸುತ್ತದೆ.)

ಕ್ಯಾಮೆರಾದಿಂದ ಅಳೆಯುವುದು ಕೀಳು ವಿಧಾನವೆಂದು ದಯವಿಟ್ಟು ಭಾವಿಸಬೇಡಿ. 1975ರಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾದ ವೇಗದ ಬೌಲರ್ ಜೆಫ್ ಥಾಮ್ಸನ್ ಅವರ ವೇಗ 160 ಕಿ.ಮೀ. ದಾಟಿದ್ದನ್ನು ಕಂಡುಕೊಂಡದ್ದು ಅತಿವೇಗದ ಕ್ಯಾಮೆರಾಗಳಿಂದಲೇ.

ಮುಂದಿನ ಬಾರಿ ಮೊಬೈಲನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ, ಪಿಚ್‌ನ ಪಕ್ಕದಿಂದ ಅದರ ಮಧ್ಯಭಾಗಕ್ಕೆ ನೇರವಾಗಿ, ಸಾಕಷ್ಟು ದೂರದಲ್ಲಿ ನಿಲ್ಲಿಸಿ. ಚೆಂಡು ಪಿಚ್ ಆಗುವ ಜಾಗಕ್ಕಿಂತ ಹಿಂದೆಯೇ, ಬೌಲರ್‌ನ ಕ್ರೀಸಿನಿಂದ ಎರಡು ಮತ್ತು ಹತ್ತು ಮೀಟರ್ ದೂರದಲ್ಲಿ, ಚೆಂಡು ಸಾಗುವ ಸಾಲಿಗೆ ಆದಷ್ಟು ಹತ್ತಿರ ಎರಡು ಕೋಲು ನೆಡಿ. ಆ ಎಂಟು ಮೀಟರಿನ ಸಮಯವನ್ನಷ್ಟೇ ಹಿಡಿದರೆ ಪುಟಿತದ ಗೊಡವೆಯಿಲ್ಲ, ಬರುವ ಉತ್ತರ ರಡಾರ್ ತೋರಿಸುವ ವೇಗಕ್ಕೆ ಬಹಳ ಸಮೀಪವಿರುತ್ತದೆ. ಹತ್ತು ಎಸೆತಗಳನ್ನಾದರೂ ಅಳೆದು ಬರೆದಿಡಿ.