ಹ್ಯಾಂಡ್ ಬ್ರೇಕ್ ಇಳಿಸಿದರೂ ಕೆಂಪು ಲೈಟ್ ಆರುತ್ತಿಲ್ಲ, ಸ್ವಿಚ್ ಹೋಗಿದೆಯಾ?

ನಿಮ್ಮ ಪ್ರಶ್ನೆ ಓದಿದ ತಕ್ಷಣ ನನ್ನ ಹಳೇ ಕಾರು ನೆನಪಾಯಿತು. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದರೂ ಲೈಟ್ ಉರಿಯುತ್ತಲೇ ಇದೆ, ಗುಂಡಿ ಬಿದ್ದ ರಸ್ತೆಯಲ್ಲಿ ಒಮ್ಮೊಮ್ಮೆ ತಾನಾಗಿ ಆರುತ್ತೆ, ಗಾಡಿ ಓಡುವಾಗ ಬೀಪ್ ಬೀಪ್ ಅಂತ ತಲೆ ತಿನ್ನುತ್ತೆ, ಗ್ಯಾರೇಜಿನವರು ಬಿಚ್ಚಿ ನೋಡದೇ "ಸ್ವಿಚ್ ಹೋಗಿದೆ" ಅಂದರು, ನಾನೇ ಬದಲಿಸಬಹುದಾ ಅಂತ ಕೇಳಿದ್ದೀರಿ. ಬದಲಿಸಬಹುದು, ಕಷ್ಟದ ಕೆಲಸ ಅಲ್ಲ. ಆದರೆ ಈಗಲೇ ಸ್ವಿಚ್ ಕೊಳ್ಳಬೇಡಿ. ನಾನು ಹಾಗೆ ಕೊಂಡು ಬೇಸ್ತು ಬಿದ್ದವನು.

ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಸುಮಾರು ಕಾರುಗಳಲ್ಲಿ ಹ್ಯಾಂಡ್ ಬ್ರೇಕ್‌ಗೂ ಬ್ರೇಕ್ ಆಯಿಲ್ ಕಡಿಮೆಯಾದದ್ದಕ್ಕೂ ಉರಿಯೋದು ಒಂದೇ ಕೆಂಪು ಲೈಟ್. ಡಬ್ಬಿಯೊಳಗೆ ಅಯಸ್ಕಾಂತ ಇರುವ ಒಂದು ತೇಲುವ ಬಿಲ್ಲೆ ಇರುತ್ತೆ, ಅದು ಕೆಳಗಿಳಿದರೆ ಅಲ್ಲಿನ ಸೆನ್ಸರ್ ಲೈಟ್ ಹೊತ್ತಿಸುತ್ತೆ. ಆಯಿಲ್ ಮಟ್ಟ ಅಂಚಿನಲ್ಲಿದ್ದರೆ ತಿರುವಿನಲ್ಲಿ, ಗುಂಡಿಯಲ್ಲಿ ಅದು ಅಲುಗಾಡಿ ಲೈಟ್ ಹೊತ್ತಿ ಆರಿ ಮಾಡುತ್ತೆ. ನೀವು ಹೇಳುವ ಲಕ್ಷಣಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ ಅಲ್ವಾ? ಮಟ್ಟ ಡಬ್ಬಿಯ ಮೇಲಿನ ಮಿನ್ (MIN, ಕನಿಷ್ಠ) ಗೆರೆಯ ಹತ್ತಿರ ಇದ್ದರೆ ಸುಮ್ನೆ ತುಂಬಿಸಿ ಮರೆತುಬಿಡಬೇಡಿ. ಬ್ರೇಕ್ ಪ್ಯಾಡ್ ಸವೆದಷ್ಟೂ ಮಟ್ಟ ನಿಧಾನಕ್ಕೆ ಇಳಿಯುತ್ತೆ, ಅದು ಸಹಜ. ಬೇಗ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಅದು ಪತ್ತೆಯಾಗುವವರೆಗೆ ಗಾಡಿ ಓಡಿಸಬೇಡಿ. ಈ ಕೆಂಪು ಲೈಟಿನ ಜೊತೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಲೈಟೂ ಉರಿಯುತ್ತಿದ್ದರೆ ವಿಷಯ ಬೇರೆಯೇ, ಆಗ ಹ್ಯಾಂಡ್ ಬ್ರೇಕ್ ಸ್ವಿಚ್ಚಿನ ಮೇಲೆ ಅನುಮಾನ ಪಡೋದು ಬಿಟ್ಟು ಕಾರಿನ ಕಂಪ್ಯೂಟರಿನಿಂದ ತಪ್ಪು ಓದುವ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಆಯಿಲ್ ಸರಿಯಿದೆ ಅಂದುಕೊಳ್ಳೋಣ. ಈಗ ಸ್ವಿಚ್ ಹೇಗೆ ಕೆಲಸ ಮಾಡುತ್ತೆ ಅಂತ ಒಂದು ನಿಮಿಷ ನೋಡಿ, ಮುಂದಿನದೆಲ್ಲ ಸುಲಭ ಆಗುತ್ತೆ. ಹ್ಯಾಂಡ್ ಬ್ರೇಕ್ ಲಿವರಿನ ಬುಡದಲ್ಲಿ ಹೆಬ್ಬೆರಳಿಗಿಂತ ಚಿಕ್ಕ ಒಂದು ಸ್ವಿಚ್ ಇರುತ್ತೆ, ಅದರ ತುದಿಯಲ್ಲಿ ಒತ್ತಿದರೆ ಒಳಗೆ ಹೋಗುವ ಪುಟ್ಟ ಕಡ್ಡಿ. ಕಾರಿನ ಬಾಗಿಲು ತೆಗೆದಾಗ ಲೈಟ್ ಹೊತ್ತಿಸುವ ಸ್ವಿಚ್ ನೋಡಿದ್ದರೆ, ಅದರ ತಮ್ಮ ಅಂದುಕೊಳ್ಳಿ. ಲಿವರ್ ಕೆಳಗೆ ಕೂತಾಗ ಕಡ್ಡಿ ಒತ್ತಿಕೊಂಡು ಸಂಪರ್ಕ ಬಿಡುತ್ತೆ. ಲಿವರ್ ಎತ್ತಿದರೆ ಕಡ್ಡಿ ಹೊರಗೆ ಬಂದು ವೈರ್ ಅರ್ಥ್ (earth) ಆಗುತ್ತೆ, ಅಂದರೆ ಕಾರಿನ ಲೋಹದ ಬಾಡಿಗೆ ಸೇರುತ್ತೆ, ಲೈಟ್ ಉರಿಯುತ್ತೆ. ಹೆಚ್ಚಿನ ಕಡೆ ಬರೋದು ಒಂದೇ ವೈರ್. ಇನ್ನೊಂದು ದಾರಿ ಸ್ವಿಚ್ಚನ್ನು ಹಿಡಿದಿರುವ ಸ್ಕ್ರೂ ಮತ್ತು ಕಾರಿನ ಬಾಡಿ. ಅಂದರೆ ಆ ವೈರ್ ದಾರಿಯಲ್ಲಿ ಎಲ್ಲೇ ಬಾಡಿಗೆ ತಗುಲಿದರೂ ಡ್ಯಾಶ್‌ಬೋರ್ಡಿಗೆ "ಲಿವರ್ ಎತ್ತಿದ್ದಾರೆ" ಅಂತಲೇ ಅನಿಸುತ್ತೆ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಗೇರಿನಲ್ಲಿ ಬಿಡಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಲಿವರ್ ಪೂರ್ತಿ ಇಳಿಸಿ, ಅಂಗೈಯಿಂದ ಇನ್ನೊಂದಿಷ್ಟು ಕೆಳಗೆ ಒತ್ತಿ, ಕಣ್ಣು ಲೈಟಿನ ಮೇಲಿರಲಿ. ಒತ್ತಿದಾಗ ಲೈಟ್ ಆರಿ, ಕೈ ಬಿಟ್ಟರೆ ಮತ್ತೆ ಹೊತ್ತಿದರೆ ಸ್ವಿಚ್ ಬಹುಪಾಲು ಚೆನ್ನಾಗಿಯೇ ಇದೆ, ಲಿವರ್ ಅದನ್ನು ಪೂರ್ತಿ ಒತ್ತುತ್ತಿಲ್ಲ ಅಷ್ಟೇ. ಎರಡು ಮಿಲಿಮೀಟರ್ ವ್ಯತ್ಯಾಸ ಸಾಕು. ಸ್ವಿಚ್ ಕೂತಿರುವ ತಗಡು ಬಾಗಿರಬಹುದು, ಸ್ಕ್ರೂ ಸಡಿಲ ಆಗಿರಬಹುದು, ಲಿವರಿನ ಕೆಳಗೆ ನಾಣ್ಯವೋ ಪೆನ್ನಿನ ಮುಚ್ಚಳವೋ ಸಿಕ್ಕಿಕೊಂಡಿರಬಹುದು. ಗುಂಡಿಯಲ್ಲಿ ಲೈಟ್ ಆರುತ್ತೆ ಅಂದಿರಲ್ಲ, ನನಗೆ ಇದರ ಮೇಲೆಯೇ ಅನುಮಾನ ಜಾಸ್ತಿ.

ಒತ್ತಿದರೂ ಏನೂ ಬದಲಾಗದಿದ್ದರೆ ಬಿಚ್ಚಬೇಕು. ಲಿವರಿನ ಸುತ್ತ ಇರುವ ಪ್ಲಾಸ್ಟಿಕ್ ಕನ್ಸೋಲ್ ಎರಡು ಮೂರು ಸ್ಕ್ರೂ, ಕೆಲವು ಕ್ಲಿಪ್ ಮೇಲೆ ನಿಂತಿರುತ್ತೆ. ಕೆಲವು ಕಾರುಗಳಲ್ಲಿ ಚರ್ಮದ ಹೊದಿಕೆ ಮಾತ್ರ ಎತ್ತಿದರೂ ಸ್ವಿಚ್ ಕಾಣುತ್ತೆ. ಕನ್ಸೋಲ್ ತೆಗೆಯುವ ಮುಂಚೆ ಕೀ ತೆಗೆದು, ಬ್ಯಾಟರಿಯ ಮೈನಸ್ ಕಳಚಿ ಹತ್ತು ನಿಮಿಷ ಬಿಡಿ. ಯಾಕೆಂದರೆ ಏರ್‌ಬ್ಯಾಗನ್ನು ನಿಯಂತ್ರಿಸುವ ಪೆಟ್ಟಿಗೆ ಎಷ್ಟೋ ಕಾರುಗಳಲ್ಲಿ ಅಲ್ಲೇ ಕೆಳಗೆ ಇರುತ್ತೆ. ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದಕ್ಕೆ ಮಲ್ಟಿಮೀಟರಂತೂ ಹಚ್ಚಲೇಬೇಡಿ. ಬಿಚ್ಚಿ ಮುಗಿದ ಮೇಲೆ ಬ್ಯಾಟರಿ ಮತ್ತೆ ಜೋಡಿಸಿ.

ಈಗ ಸ್ವಿಚ್ಚಿನಿಂದ ವೈರಿನ ಕನೆಕ್ಟರ್ ಕಳಚಿ, ಅದು ಯಾವುದೇ ಲೋಹಕ್ಕೆ ತಗುಲದ ಹಾಗೆ ಇಟ್ಟು, ಕೀ ಆನ್ ಮಾಡಿ. ಲೈಟ್ ಆರಿತು ಅಂದರೆ ತಪ್ಪು ಸ್ವಿಚ್ಚಿನ ಕಡೆ. ಉರಿಯುತ್ತಲೇ ಇದ್ದರೆ ಹೊಸ ಸ್ವಿಚ್ ಹಾಕಿದರೂ ಉರಿಯುತ್ತೆ. ಹತ್ತು ಸೆಕೆಂಡಿನ ಈ ಪರೀಕ್ಷೆಯನ್ನು ನಾನು ಮಾಡಿರಲಿಲ್ಲ. ಗ್ಯಾರೇಜಿನವರ ಮಾತು ನಂಬಿ ಹೊಸ ಸ್ವಿಚ್ ತಂದೆ, ಒಂದು ಭಾನುವಾರ ಪೂರ್ತಿ ಕೂತು ಹಾಕಿದೆ, ಕೀ ತಿರುಗಿಸಿದರೆ ಲೈಟ್ ನನ್ನನ್ನೇ ನೋಡಿ ನಗುತ್ತಿತ್ತು. ಆಮೇಲೆ ವೈರ್ ಹಿಡಿದುಕೊಂಡು ಮುಂದಕ್ಕೆ ಹೋದಾಗ ಮ್ಯೂಸಿಕ್ ಸಿಸ್ಟಮ್ ಹಿಂದೆ ಕಳ್ಳ ಸಿಕ್ಕ. ಹೊರಗಿನಿಂದ ಹಾಕಿಸುವ ಸ್ಕ್ರೀನ್ ಇರುವ ಸಿಸ್ಟಮ್‌ಗಳಿಗೆ ಹ್ಯಾಂಡ್ ಬ್ರೇಕಿನ ಒಂದು ವೈರ್ ಜೋಡಿಸುತ್ತಾರೆ, ಗಾಡಿ ನಿಂತಾಗ ಮಾತ್ರ ವಿಡಿಯೊ ಬರಲಿ ಅಂತ. ಓಡುವಾಗಲೂ ವಿಡಿಯೊ ಬೇಕು ಅನ್ನುವವರು ಆ ವೈರನ್ನು ನೇರವಾಗಿ ಅರ್ಥ್ ಮಾಡಿಬಿಡುತ್ತಾರೆ. ಕಾರಿನ ವೈರನ್ನು ಅದರಿಂದ ಬಿಡಿಸದೇ ಹಾಗೆ ಮಾಡಿದರೆ ಈ ಲೈಟ್ ಯಾವತ್ತೂ ಆರಲ್ಲ. ನನ್ನ ಗಾಡಿಯಲ್ಲಿ ಹಾಗೂ ಅಲ್ಲ, ಕಿತ್ತುಬಂದ ಟೇಪಿನೊಳಗಿಂದ ತಾಮ್ರದ ಒಂದೇ ಒಂದು ಎಳೆ ಹೊರಗೆ ಬಂದು ಲೋಹದ ಪಟ್ಟಿಗೆ ಮುತ್ತಿಡುತ್ತಿತ್ತು. ನೀವು ಇತ್ತೀಚೆಗೆ ಸಿಸ್ಟಮ್ ಬದಲಿಸಿದ್ದರೆ ಮೊದಲು ಅಲ್ಲಿ ನೋಡಿ. ಇಲ್ಲದಿದ್ದರೆ ಸೀಟಿನ ಹಳಿ, ಕಾರ್ಪೆಟ್ಟಿನ ಅಡಿ, ವೈರ್ ಉಜ್ಜಿಹೋಗುವ ಜಾಗಗಳನ್ನು ನೋಡಿ. ಬ್ರೇಕ್ ಆಯಿಲ್ ಡಬ್ಬಿಯ ಸೆನ್ಸರ್ ಪ್ಲಗ್ಗನ್ನೂ ಒಮ್ಮೆ ಕಳಚಿ ನೋಡಿ. ಆಗ ಲೈಟ್ ಆರಿದರೆ, ಮಟ್ಟವೂ ಸರಿಯಿದ್ದರೆ, ಆ ಸೆನ್ಸರೇ ಕೆಟ್ಟಿದೆ.

ತಪ್ಪು ಸ್ವಿಚ್ಚಿನದೇ ಆದರೆ ಅದನ್ನು ಬಿಚ್ಚಿ ಮಲ್ಟಿಮೀಟರಿಗೆ ಹಚ್ಚಿ, ಮೀಟರ್ ಓಮ್ (ವಿದ್ಯುತ್ತಿಗೆ ಇರುವ ತಡೆ) ಅಳೆಯುವ ಕಡೆ ಇರಲಿ. ಮೀಟರಿನ ಒಂದು ಕಡ್ಡಿ ವೈರ್ ಪಿನ್ನಿಗೆ, ಇನ್ನೊಂದು ಸ್ಕ್ರೂ ಕೂರುವ ಲೋಹಕ್ಕೆ. ಸ್ವಿಚ್ಚಿನ ಕಡ್ಡಿ ಬಿಟ್ಟಾಗ ಸೊನ್ನೆಯ ಹತ್ತಿರ ಓಮ್ ತೋರಿಸಬೇಕು, ಒತ್ತಿದಾಗ ಸಂಪರ್ಕ ಪೂರ್ತಿ ಕಡಿದುಹೋಗಬೇಕು. ಎಷ್ಟೋ ಸಲ ಸ್ವಿಚ್ ಸತ್ತಿರೋದಿಲ್ಲ, ಅಂಟಿಕೊಂಡಿರುತ್ತೆ. ಕಪ್ ಇಡುವ ಜಾಗ ಪಕ್ಕದಲ್ಲೇ ಇರೋದರಿಂದ ಸಕ್ಕರೆ ಪಾನೀಯ ಚೆಲ್ಲಿ, ಒಣಗಿ, ಕಡ್ಡಿ ಒಳಗೆ ಹೊರಗೆ ಓಡಾಡದ ಹಾಗೆ ಜಿಗುಟಾಗಿರುತ್ತೆ. ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಸಂಪರ್ಕ ಶುಚಿ ಮಾಡುವ ಸ್ಪ್ರೇ) ಹೊಡೆದು ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ, ಕಿಲುಬು ಹಿಡಿದ ಪಿನ್ನನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ. ಎಣ್ಣೆ ಸ್ಪ್ರೇ ಹೊಡೆಯಬೇಡಿ, ಆ ಹೊತ್ತಿಗೆ ಸರಿ ಹೋದ ಹಾಗೆ ಕಂಡರೂ ಮತ್ತೆ ಧೂಳು ಹಿಡಿಯುತ್ತೆ. ಒತ್ತಿದಾಗಲೂ ಓಮ್ ಬದಲಾಗದಿದ್ದರೆ, ಪ್ಲಾಸ್ಟಿಕ್ ಒಡೆದಿದ್ದರೆ, ಆಗ ಧೈರ್ಯವಾಗಿ ಹೊಸದು ತನ್ನಿ. ತಗಡು ಬಾಗಿದ್ದರೆ ಇಕ್ಕಳದಲ್ಲಿ ನಿಧಾನಕ್ಕೆ ಸರಿ ಮಾಡಿದರೆ ಸಾಕು. ಕೆಲವರು ಬೀಪ್ ಕಾಟ ತಾಳಲಾರದೆ ವೈರ್ ಕಳಚಿ ಟೇಪ್ ಸುತ್ತಿ ಬಿಡುತ್ತಾರೆ. ಬೇಡ. ಬ್ರೇಕ್ ಹಿಡಿದಿರುವಾಗಲೇ ಗಾಡಿ ಓಡಿಸಿ ಹಿಂದಿನ ಬ್ರೇಕ್ ಸುಟ್ಟುಕೊಳ್ಳೋದು ಹಾಗೆಯೇ.

ಲೈಟ್ ಹೊತ್ತೋದೇ ಇಲ್ಲ ಅನ್ನುವವರು ಕಳಚಿದ ವೈರನ್ನು ಬಾಡಿಗೆ ತಗುಲಿಸಿ ನೋಡಬಹುದು. ಆಗ ಹೊತ್ತಿದರೆ ಸ್ವಿಚ್ ಕೆಟ್ಟಿದೆ, ಇಲ್ಲವೇ ಅದರ ಸ್ಕ್ರೂ ತುಕ್ಕು ಹಿಡಿದಿದೆ.

ಇದೆಲ್ಲ ಕೈಯಿಂದ ಎಳೆಯುವ ಲಿವರ್ ಇರುವ ಕಾರಿಗೆ. ಬಟನ್ ಇರುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಆದರೆ ಹೀಗೆ ವೈರ್ ತಗುಲಿಸಿ ನೋಡಬೇಡಿ. ಅಲ್ಲಿ ಸ್ವಿಚ್ಚಿಗೆ ಹಲವು ವೈರ್ ಇರುತ್ತವೆ, ಅದನ್ನು ಓದೋದು ಕಂಪ್ಯೂಟರ್, ಬ್ಯಾಟರಿ ಸುಸ್ತಾಗಿದ್ದರೂ ತಪ್ಪು ತೋರಿಸಬಹುದು. ಬ್ಯಾಟರಿ ನೋಡಿ, ಆಮೇಲೆ ಸ್ಕ್ಯಾನರ್ ಹಚ್ಚಿಸಿ.

ಕೊನೆಗೆ ಕನ್ಸೋಲ್ ಮುಚ್ಚುವ ಮುಂಚೆ ಕೀ ಆನ್ ಇಟ್ಟು ಲಿವರನ್ನು ಹತ್ತು ಸಲ ಎತ್ತಿ ಇಳಿಸಿ. ಮೊದಲ ಕ್ಲಿಕ್ಕಿಗೇ ಲೈಟ್ ಬರಬೇಕು, ಪೂರ್ತಿ ಇಳಿಸಿದಾಗ ಹೋಗಬೇಕು. ನಾನು ಎರಡನೇ ಸಲ ಬಿಚ್ಚಿದಾಗ ಎಲ್ಲ ಸ್ಕ್ರೂ ಬಿಗಿದ ಮೇಲೆ ನೋಡಿದರೆ ಕನೆಕ್ಟರ್ ಜೋಡಿಸಿಯೇ ಇರಲಿಲ್ಲ, ಮೂರನೇ ಸಲ ಬಿಚ್ಚಿದೆ.