‘ರನ್‌ವೇ ಸಣ್ಣದಿತ್ತು’ ಅನ್ನುವವರಿಗೆ

ಪ್ರಶ್ನೆ: 2010ರಲ್ಲಿ ಮಂಗಳೂರಿನಲ್ಲಿ ವಿಮಾನ ಕಮರಿಗೆ ಬಿದ್ದಿದ್ದಕ್ಕೆ ಗುಡ್ಡದ ಮೇಲಿನ ಸಣ್ಣ ರನ್‌ವೇ ಕಾರಣ. ತನಿಖೆಯವರು ಸತ್ತ ಪೈಲಟ್ ಮೇಲೆ ಹಾಕಿ ಕೈತೊಳೆದುಕೊಂಡರು, ಅಲ್ಲವೇ?
– ಗೋಕುಲ ರಸ್ತೆ, ಹುಬ್ಬಳ್ಳಿ

ಅಲ್ಲರೀ. ಧಾರವಾಡದಲ್ಲಿ ಮದುವೆ ಊಟಕ್ಕೆ ಕೂತರೂ ಇದೇ ಪ್ರಶ್ನೆ. ಇದೊಂದು ಸಲ ಪೂರ್ತಿ ಬರೆಯುತ್ತೇನೆ, ಮತ್ತೆ ಕೇಳಬೇಡಿ.

ರನ್‌ವೇ ಸುಮಾರು 8,000 ಅಡಿ ಇತ್ತು. ಮೊದಲ ಸಾವಿರ ಅಡಿಯ ಆಸುಪಾಸಿನಲ್ಲಿ ನೆಲ ಮುಟ್ಟಬೇಕಾದ ವಿಮಾನ ಮುಟ್ಟಿದ್ದು ಸುಮಾರು 5,200 ಅಡಿಯಲ್ಲಿ. ಆಗಲೂ ತಕ್ಷಣ ಬ್ರೇಕ್ ಪೂರ್ತಿ ಒತ್ತಿದ್ದರೆ 7,600 ಅಡಿಗೆ ನಿಲ್ಲುತ್ತಿತ್ತು ಎಂದು ವಿಮಾನ ತಯಾರಿಸಿದ ಬೋಯಿಂಗ್ ಕಂಪನಿ ಲೆಕ್ಕ ಹಾಕಿತು. ಕ್ಯಾಪ್ಟನ್ ರಿವರ್ಸ್ (ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವುದು) ಹಾಕಿದವರು ಮನಸ್ಸು ಬದಲಿಸಿ ಮತ್ತೆ ಏರಿಸಲು ಹೋದರು.

ಹಾಗಂತ ತನಿಖೆ ‘ಪೈಲಟ್ ತಪ್ಪು’ ಎಂದು ಬರೆದು ಎದ್ದು ಹೋಗಲಿಲ್ಲ. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ಅದಕ್ಕೇ ಅಷ್ಟು ಮುಂದೆ ಹೋಗಿ ನೆಲ ಮುಟ್ಟಿತು. ಅಷ್ಟು ಎತ್ತರದಲ್ಲಿ ಯಾಕಿತ್ತು? ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು; ಕೆಳಗಿಳಿಯಲು ಅನುಮತಿ ತಡವಾಗಿ ಸಿಕ್ಕಿತು. ಧ್ವನಿ ರೆಕಾರ್ಡರಿನಲ್ಲಿ ಗೊರಕೆ ಕೇಳಿಸಿತು: ಕ್ಯಾಪ್ಟನ್ ಒಂದೂವರೆ ತಾಸಿಗೂ ಹೆಚ್ಚು ನಿದ್ದೆ ಮಾಡಿದ್ದರು. ನಸುಕಿನಲ್ಲಿ ದಿಢೀರನೆ ಎದ್ದವರ ತಲೆ ತಡವಾಗಿ ಓಡುತ್ತದೆ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಮಲಗಿ, ಹಾವೇರಿ ದಾಟಿದ ಮೇಲೆ ಎಚ್ಚರಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ‘ಗೋ ಅರೌಂಡ್’ (ಇಳಿಯುವುದು ಬಿಟ್ಟು ಮತ್ತೆ ಮೇಲೇರಿ) ಎಂದು ಮತ್ತೆ ಮತ್ತೆ ಹೇಳಿದರು, ‘ರನ್‌ವೇ ಉಳಿದಿಲ್ಲ’ ಎಂದೂ ಹೇಳಿದರು. ಕಂಟ್ರೋಲ್ ಮಾತ್ರ ತಾವು ತೆಗೆದುಕೊಳ್ಳಲಿಲ್ಲ. ದೊಡ್ಡವರು ಹಿಡಿದದ್ದನ್ನು ಕಸಿದುಕೊಳ್ಳುವುದು ನಮ್ಮ ಕಡೆ ಯಾರಿಗೆ ರೂಢಿ ಇದೆ ಹೇಳಿ. ವಿಮಾನದಲ್ಲಿದ್ದ 166 ಜನರಲ್ಲಿ ಬದುಕಿದ್ದು 8.

ಇನ್ನು ಮುಂದೆ ಮಳೆಗಾಲದಲ್ಲಿ ನಿಮ್ಮ ಹುಬ್ಬಳ್ಳಿ ವಿಮಾನ ನೆಲಕ್ಕೆ ಹತ್ತಿರ ಬಂದು ಪುನಃ ಮೇಲೇರಿದರೆ ಗಗನಸಖಿಯ ಮೇಲೆ ಕೂಗಾಡಬೇಡಿ. ನಾನಂತೂ ಕೂತಲ್ಲೇ ಪೈಲಟ್‌ಗೆ ಕೈ ಮುಗಿಯುತ್ತೇನೆ.

ಪ್ರಶ್ನೆ: ಯಾವ ಸೀಟು ಸುರಕ್ಷಿತ? – ಗದಗ
ಬೆಲ್ಟ್ ಕಟ್ಟಿಕೊಂಡ ಸೀಟು.

ಪ್ರಶ್ನೆ: ನಮ್ಮೂರಿನ ಜ್ಯೋತಿಷಿಗಳು ಅಪಘಾತವನ್ನು ಮೊದಲೇ ಹೇಳಿದ್ದರಂತೆ. – ರಾಣೆಬೆನ್ನೂರು
ಮುಂದಿನದರ ತಾರೀಖು, ಫ್ಲೈಟ್ ನಂಬರ್ ಬರೆದು ಕೊಡಲಿ. ದಕ್ಷಿಣೆ ನನ್ನದು.

ಪ್ರಶ್ನೆ: ಅಪಘಾತದ ಮರುದಿನವೇ ಯೂಟ್ಯೂಬಿನಲ್ಲಿ ಕಾರಣ ಹೇಳುತ್ತಾರೆ. ನಂಬಬಹುದೇ? – ನವಲಗುಂದ
ಪ್ರಾಥಮಿಕ ವರದಿಗೇ 30 ದಿನದ ಗಡುವಿದೆ, ಇವರಿಗೆ ಒಂದು ರಾತ್ರಿ ಸಾಕಾಯಿತು. ಮೊನ್ನೆ ಒಬ್ಬರ ವಿಡಿಯೊ ನೋಡಿದೆ. ಅವರ ಬ್ಲ್ಯಾಕ್ ಬಾಕ್ಸ್ ಕಪ್ಪಗಿತ್ತು. ನಿಜವಾದದ್ದು ಕಿತ್ತಳೆ ಬಣ್ಣದ್ದು.