ಆರ್ಗ್ಯಾನೊಮೆಟಾಲಿಕ್ ಕೆಮಿಸ್ಟ್‌ಗಳು ಗ್ಲೋವ್ ಬಾಕ್ಸ್ ಒಳಗೇ ಯಾಕೆ ಕೆಲಸ ಮಾಡುತ್ತಾರೆ?

ಬೆಂಗಳೂರಿನ ಐಐಎಸ್‌ಸಿ ಓಪನ್ ಡೇಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಿ ಕೆಲಸ ಮಾಡುವವರನ್ನು ನೋಡಿ ನೀವು ಕೇಳಿದ್ದೀರಿ. ಕಾರಣ ಇಷ್ಟೇ: ಅವರು ತಯಾರಿಸುವ ಎಷ್ಟೋ ವಸ್ತುಗಳು ಗಾಳಿ ಸೋಕಿದರೆ ಕೆಡುತ್ತವೆ. ಕೆಲವಂತೂ ಹೊತ್ತಿಕೊಂಡೇ ಬಿಡುತ್ತವೆ.

ಆರ್ಗ್ಯಾನೊಮೆಟಾಲಿಕ್ ಎನ್ನುವ ಈ ವಸ್ತುಗಳಲ್ಲಿ ಲೋಹದ ಪರಮಾಣುವಿಗೆ ಕಾರ್ಬನ್ ನೇರವಾಗಿ ಅಂಟಿಕೊಂಡಿರುತ್ತದೆ. ಆ ಜೋಡಿಯ ಎಲೆಕ್ಟ್ರಾನ್‌ಗಳು ಕಾರ್ಬನ್ ಕಡೆಗೇ ಜಾಸ್ತಿ ವಾಲಿರುತ್ತವೆ. ತೇವ ಸಿಕ್ಕರೆ ಕಾರ್ಬನ್ ನೀರಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಲೋಹಕ್ಕೆ ಆಕ್ಸಿಜನ್ ಸೇರುತ್ತದೆ, ಜೋಡಿ ಮುರಿಯುತ್ತದೆ. ಟ್ರೈಮಿಥೈಲ್ ಅಲ್ಯುಮಿನಿಯಂ ಎಂಬ ಇಂಥದ್ದೇ ವಸ್ತುವಿಗೆ ನೀರು ಬಿದ್ದರೆ ಮೀಥೇನ್ ಅನಿಲ ಭುಗ್ಗನೆ ಹೊರಬರುತ್ತದೆ. ನಮ್ಮೂರಿನ ಮಳೆಗಾಲದ ಗಾಳಿಯಲ್ಲಂತೂ ಕೇಳಲೇಬೇಡಿ!

ಅದಕ್ಕೇ ಪೆಟ್ಟಿಗೆಗೆ ಬೇರೆ ವಸ್ತುಗಳ ಜೊತೆ ಸುಲಭಕ್ಕೆ ಸೇರದ ಆರ್ಗಾನ್ ಅಥವಾ ನೈಟ್ರೋಜನ್ ಅನಿಲ ತುಂಬುತ್ತಾರೆ. ಒಳಗಿನ ಒತ್ತಡ ತುಸು ಜಾಸ್ತಿ ಇರುತ್ತದೆ. ಆ ಕಪ್ಪು ರಬ್ಬರ್ ಕೈಗವಸುಗಳು ಉಬ್ಬಿಕೊಂಡು ಹೊರಗೆ ಚಾಚಿರುವುದು ಅದರಿಂದಲೇ. ಸಣ್ಣ ತೂತು ಬಿದ್ದರೂ ಅನಿಲ ಹೊರಗೆ ಹೋಗುತ್ತದೆ, ಗಾಳಿ ಒಳಗೆ ನುಗ್ಗುವುದಿಲ್ಲ. ಒಂದು ಚಮಚ ಒಳಗೆ ಕಳಿಸಬೇಕಾದರೂ ಪಕ್ಕದ ಚಿಕ್ಕ ಕೋಣೆಯಲ್ಲಿಟ್ಟು ಗಾಳಿ ಹೀರಿ, ಆರ್ಗಾನ್ ತುಂಬಿ, ಮತ್ತೆ ಹೀರಬೇಕು. ಪಿಎಚ್‌ಡಿ ಮಕ್ಕಳ ತಾಳ್ಮೆ ಮೆಚ್ಚಲೇಬೇಕು.

ಹಾಗಂತ ಎಲ್ಲವೂ ಇಷ್ಟು ನಾಜೂಕಲ್ಲ. 1951ರಲ್ಲಿ ಬೆಳಕಿಗೆ ಬಂದ ಫೆರೋಸೀನ್‌ನಲ್ಲಿ ಎರಡು ಕಾರ್ಬನ್ ಉಂಗುರಗಳ ನಡುವೆ ಕಬ್ಬಿಣ ಭದ್ರವಾಗಿ ಕೂತಿದೆ. ಆ ಕಿತ್ತಳೆ ಪುಡಿಯನ್ನು ಮೇಜಿನ ಮೇಲೆ ಸುಮ್ನೆ ಬಿಟ್ಟರೂ ಏನೂ ಆಗುವುದಿಲ್ಲ.